ಗುಂಡಿಗೆ ಸುರಿದ ಫಿನಾಯಿಲು

ಕಾವ್ಯಳಿಗೆ ಪುರಸಭೆಯಲ್ಲಿ ಪರಿಸರ ಎಂಜಿನಿಯರ್ ಕೆಲಸದ ಆದೇಶ ಬಂದ ದಿನ ಮನೆಯವರೆಲ್ಲ ಒಬ್ಬೊಬ್ಬರಾಗಿ ಅವಳಿಗೆ ಬುದ್ಧಿ ಹೇಳಿದರು. ನನ್ನ ಸರದಿ ಬಂದಾಗ ಬಾಯಿ ಏಳಲಿಲ್ಲ. ನಾಲ್ಕು ಜನ ನನ್ನ ಕಡೆ ನೋಡಿದರೆ ನನಗೆ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ಏಳನೇ ಕ್ಲಾಸಿನವರೆಗೆ ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಕಾವ್ಯ ಮೊದಲು ಓದಲಿ, ಆಮೇಲೆ ಉಳಿದ ಮೊಮ್ಮಕ್ಕಳು ನೀವೂ ಓದಿ.

ನಮ್ಮಜ್ಜಿ ಮುನಿಸಿಪಾಲಿಟಿಯಲ್ಲಿದ್ದರು ಎಂದು ನೀವು ಸ್ನೇಹಿತರಿಗೆ ಹೇಳುವುದನ್ನು ಕೇಳಿದ್ದೇನೆ. ಸುಳ್ಳಲ್ಲ. ಆದರೆ ನಾನು ಮೇಜಿನ ಮುಂದೆ ಕೂತವಳಲ್ಲ. ನನ್ನ ಕೆಲಸ ಇದ್ದದ್ದು ಕಸಾಯಿಖಾನೆಯಲ್ಲಿ. ಕುರಿ ಮೇಕೆ ಕಡಿದ ಮೇಲೆ ಉಳಿಯುವ ರಕ್ತ, ಹೊಟ್ಟೆಯ ಸಗಣಿ, ತೊಳೆದ ನೀರು, ಇವು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುವಂತೆ ನೋಡಿಕೊಳ್ಳುವುದು. ನಿಮ್ಮ ತಾತ ನೀರು ಸರಬರಾಜಿನಲ್ಲಿ ವಾಲ್ವ್‌ಮನ್ ಆಗಿದ್ದರು. ಜ್ವರ ಬಂದು ಎಂಟು ದಿನದಲ್ಲಿ ಹೋಗಿಬಿಟ್ಟರು. ಅನುಕಂಪದ ಮೇಲೆ ನನಗೆ ಕೆಲಸ ಕೊಡುವಾಗ ಖಾಲಿ ಇದ್ದ ಜಾಗ ಇದೊಂದೇ. "ಬೇಕಾದ್ರೆ ಸೇರ್ಕೊಳ್ಳಮ್ಮ, ಬೇಡಾಂದ್ರೆ ಬರ್ದುಕೊಟ್ಟು ಹೋಗು" ಎಂದರು ಗುಮಾಸ್ತರು. ಮನೆಯಲ್ಲಿ ಎರಡು ಮಕ್ಕಳು. ಸೇರಿಕೊಂಡೆ. ಮಕ್ಕಳಿಗೆ ಆಫೀಸು ಎಂದು ಹೇಳಿದೆ, ಅದೇ ಉಳಿದುಬಂತು.

ಊರಿನ ಹೆಸರು ಬರೆಯುವುದಿಲ್ಲ. ಚನ್ನಪಟ್ಟಣದಿಂದ ಸಾತನೂರಿಗೆ ಬಸ್ಸು ಹೋಗುವ ಕಡೆ ಎಂದುಕೊಳ್ಳಿ. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಯಾವ ಕಾಗದಕ್ಕೂ ಬೆಂಗಳೂರಿಗೆ ಹೋಗಬೇಕಿತ್ತು, ಅದು ಬರುವಷ್ಟರಲ್ಲಿ ಕೇಳಿದವರು ವರ್ಗವಾಗಿರುತ್ತಿದ್ದರು.

ಕಸಾಯಿಖಾನೆ ಎಂದರೆ ಒಂದು ಉದ್ದನೆಯ ಶೆಡ್ಡು. ನೆಲಕ್ಕೆ ಸಿಮೆಂಟು, ನಡುವೆ ಕಾಲುವೆ. ಕಾಲುವೆ ಕೊನೆಯಲ್ಲಿ ಜಾಲರಿ ಹಾಕಿದ ಛೇಂಬರು. ಅದರಾಚೆ ಚಪ್ಪಡಿ ಮುಚ್ಚಿದ, ಮೂರು ಕೋಣೆಯ ದೊಡ್ಡ ಗುಂಡಿ. ಗುಂಡಿಯಿಂದ ಹೊರಬಂದ ನೀರು ಜಲ್ಲಿ ಹಾಸಿ ಜೊಂಡು ಬೆಳೆಸಿದ ಮಡಿಯಲ್ಲಿ ಇಂಗಬೇಕು. ಮಡಿಯ ಆಚೆ ಇಳಿಜಾರು, ಸಣ್ಣ ಹಳ್ಳ, ಹಳ್ಳದ ದಡದಲ್ಲಿ ರೇಷ್ಮೆ ನೂಲು ಬಿಚ್ಚುವವರ ಬೀದಿ. ಆ ಬೀದಿಗೆಲ್ಲ ಒಂದೇ ಬಾವಿ. ಈ ಬಾವಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ನನ್ನ ಸರ್ವಿಸಿನಲ್ಲಿ ನನಗೆ ನಿಜವಾದ ಭಯ ಅಂತ ಇದ್ದದ್ದು ಆ ಬಾವಿಯದೊಂದೇ.

ಕೆಲಸ ಕಲಿಸಿದವರು ಗಫಾರ್ ಸಾಬರು. ಕಡಿಯುವವರಲ್ಲಿ ಹಿರಿಯರು, ಅಪ್ಪನ ಕಾಲದಿಂದ ಅದೇ ಶೆಡ್ಡಿನಲ್ಲಿ ಇದ್ದವರು. ಮೊದಲ ವಾರ ನಾನು ಅವರಿಗೆ ದಿಗಿಲು ಹುಟ್ಟಿಸಿದೆ. ಹಳ್ಳಿ ಹೆಂಗಸು ನಾನು. ಶುದ್ಧ ಎಂದರೆ ನೀರು ಎಂದೇ ನಂಬಿದ್ದವಳು. ಮೂರನೇ ದಿನ ಅವರು ಕೆಲಸ ಮುಗಿಸುವುದನ್ನೇ ಕಾದಿದ್ದು, ತೊಟ್ಟಿಯಿಂದ ಕೊಡದ ಮೇಲೆ ಕೊಡ ತಂದು ಸುರಿದೆ. ನೆಲ ಕನ್ನಡಿಯ ಹಾಗಾಯಿತು. ನಾನು ಹಿಗ್ಗುವಷ್ಟರಲ್ಲಿ ಛೇಂಬರು ಕೊಬ್ಬಿನಿಂದ ಕಟ್ಟಿಕೊಂಡು, ಹೋದ ನೀರೆಲ್ಲ ಹಿಂದಕ್ಕೆ ಬಂತು. ಮಾರನೇ ದಿನಕ್ಕೆಂದು ಕಟ್ಟಿದ್ದ ಮೇಕೆಗಳು ಮೊಣಕಾಲವರೆಗೆ ಕೆಂಪು ನೀರಿನಲ್ಲಿ ನಿಂತು ಒದರುತ್ತಿದ್ದವು.

ಗಫಾರ್ ಸಾಬರು ಬೈಯಲಿಲ್ಲ. ಕೈಗೊಂದು ಪೊರಕೆ ಕೊಟ್ಟರು.

"ಅಕ್ಕಾ, ಇದು ನಿಮ್ಮನೆ ಅಂಗಳ ಅಲ್ಲ, ಸಾರ್ಸಿ ರಂಗೋಲಿ ಇಡಾಕೆ. ಇಲ್ಲಿ ಪೊರಕೆ ಮೊದಲು, ನೀರು ಕೊನೇಗೆ. ರಕ್ತ ಬ್ಯಾರೆ ತೊಟ್ಟೀಲಿ ಹಿಡೀಬೇಕು. ಬೋಟಿ ಬಿಡಿಸ್ದಾಗ ಬೀಳೋದನ್ನ ಕಲ್ಲಿನ ಮೇಲೆ ನೀರು ಸೋಕಿಸ್ದಂಗೇ ಕೊಡವ್ಬೇಕು. ಕೊಬ್ಬು ಕೆರೆದು ತೆಗೀಬೇಕು. ಆಮೇಲೆ ಉಳಿಯೋ ಒಸಿಗೆ ಒಸಿ ನೀರು. ಈ ಮೂರೂ ಒಂದಾದ್ವೋ, ದೇವ್ರು ಬಂದ್ರೂ ಬಿಡ್ಸಾಕಾಗಾಕಿಲ್ಲ."

ನಾನು ಮೂವತ್ತು ವರ್ಷದ ಹತ್ತಿರ ಮಾಡಿದ್ದು ಇದಿಷ್ಟೇ. ನನ್ನ ಮೇಲೆ ಬಂದ ಸಾಹೇಬರುಗಳಿಗೆ ಮೂವತ್ತು ವರ್ಷವೂ ಅರ್ಥವಾಗದೆ ಹೋದದ್ದೂ ಇದೇ.

ಇನ್ನೊಂದು ಪಾಠವನ್ನು ಅವರು ಗುಂಡಿಯ ಚಪ್ಪಡಿ ಸರಿಸಿ ಹೇಳಿದರು. ಒಳಗೆ ನೀರಿನ ಮೇಲೆ ಬೂದು ಬಣ್ಣದ ದಪ್ಪ ಕೆನೆ ಕಟ್ಟಿತ್ತು. "ಇದರೊಳಗೆ ಜೀವ ಐತೆ. ಕಣ್ಣಿಗೆ ಕಾಣಾಕಿಲ್ಲ. ನಾವು ಬಿಟ್ಟಿದ್ನ ಅದು ತಿಂದು ತಿಳಿ ಮಾಡ್ತದೆ. ಮೇಲೆ ಕೆನೆ ಇದ್ರೆ ಹೊಟ್ಟೆ ಚೆನ್ನಾಗೈತೆ ಅಂತ. ಕೆನೆ ಒಡೀತೋ, ಕಾಯಿಲೆ." ನಾನು ಮೂಗಿಗೆ ಸೆರಗು ಹಿಡಿದಿದ್ದೆ. "ಸೆರಗು ತೆಗೀರಿ, ವಾಸ್ನೆ ನೋಡಿ ಕಲೀರಿ. ಹುಳೀ ವಾಸ್ನೆ ಆದ್ರೆ ಸರಿ. ಕೊಳೆತ ಮೊಟ್ಟೆ ವಾಸ್ನೆ ಬಂದ್ರೆ ನನ್ನ ಕರೀರಿ" ಎಂದರು. ಕಾವ್ಯ, ನಿನ್ನ ಹತ್ತಿರ ಅದಕ್ಕೆಲ್ಲ ಮೀಟರು ಇದೆಯಂತೆ. ಇರಲಿ. ಮೂಗನ್ನೂ ಜೊತೆಗೆ ತೆಗೆದುಕೊಂಡು ಹೋಗು.

ಹೊಟ್ಟೆಯ ಸಗಣಿಯ ವಿಷಯದಲ್ಲಿ ನಾನೇ ಒಂದು ಜಾಣತನ ಮಾಡಲು ಹೋಗಿ ಬೈಸಿಕೊಂಡೆ. ಮೇಕೆ ಹೊಟ್ಟೆಯಿಂದ ದಿನಾ ಬುಟ್ಟಿಗಟ್ಟಲೆ ಅರೆ ಅರಗಿದ ಸೊಪ್ಪು ಬೀಳುತ್ತಿತ್ತು. ಅದನ್ನು ಒಯ್ಯುವ ಪುರಸಭೆಯ ಟ್ರಾಕ್ಟರು ಬರುವುದು ಅದಕ್ಕೆ ಮನಸ್ಸು ಬಂದಾಗ. ರಾಶಿ ಬೆಳೆದು ಬೆಳೆದು ಗೋಡೆಯೆತ್ತರಕ್ಕೆ ಬಂತು. ಆಗ ಸಾತನೂರಿನ ಕಡೆಯ ಸಿದ್ದೇಗೌಡರು ಎಂಬ ರೈತರು ಗಾಡಿ ಕಟ್ಟಿಕೊಂಡು ಬಂದು ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ ಬೇಕು ಎಂದರು. ನನಗೆ ದೇವರೇ ಬಂದಷ್ಟು ಸಂತೋಷವಾಗಿ, ಹಸಿಯಾಗಿಯೇ ಮೂರು ಗಾಡಿ ತುಂಬಿಸಿ ಕಳಿಸಿದೆ. ಮಳೆ ಬಿದ್ದ ಮೇಲೆ ಸಿದ್ದೇಗೌಡರು ವಾಪಸ್ಸು ಬಂದರು. ಕೈಯಲ್ಲಿ ಬೇರು ಸಮೇತ ಕಿತ್ತ ಮುಳ್ಳುಗಿಡಗಳ ಕಟ್ಟು.

"ಏನವ್ವಾ, ಗೊಬ್ಬರ ಕೊಟ್ಯೋ ಜಾಲಿ ಬಿತ್ನೆ ಕೊಟ್ಯೋ? ನನ್ನ ತೋಟಕ್ಕೋಗಿ ನೋಡ್ಬಾ. ಹೆಜ್ಜೆ ಇಡಾಕೆ ಜಾಗ ಇಲ್ಲ. ಸೊಪ್ಪು ಕೊಯ್ಯಕ್ಕೋದ ಹೆಣ್ಣಾಳುಗಳು ಕಾಲು ಹಿಡ್ಕೊಂಡು ಕುಂತವ್ರೆ."

ನಮ್ಮ ಕಡೆಯ ಮೇಕೆಗಳು ಬೇಸಿಗೆಯಲ್ಲಿ ಜಾಲಿಕಾಯಿ ತಿಂದೇ ಬದುಕುವುದು. ಕಾಯಿ ಕರಗಿದರೂ ಬೀಜ ಕರಗುವುದಿಲ್ಲ. ಹೊಟ್ಟೆಯಲ್ಲಿ ನೆನೆದು ಮೊಳಕೆಗೆ ತಯಾರಾಗಿ ಕೂತಿರುತ್ತದೆ. ಇದು ಮೇಕೆ ಸಾಕಿದ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಗಫಾರ್ ಸಾಬರು ಮಾತ್ರ ಆ ಕಟ್ಟು ನೋಡಿ ನಕ್ಕು, "ಗೌಡ್ರೇ, ಇನ್ನೇನು, ಅಲ್ಲೇ ಮೇಕೆ ಸಾಕಿ. ಮೇವು ಬಂದೈತಲ್ಲ" ಎಂದರು. ಗೌಡರಿಗೂ ನಗು ಬಂತು. ಅವತ್ತಿನಿಂದ ಒಂದು ಪದರ ಸಗಣಿ, ಒಂದು ಪದರ ಮಣ್ಣು, ಮೇಲೆ ರಾಗಿ ಹೊಟ್ಟಿನಲ್ಲಿ ಕಲಸಿದ ರಕ್ತ, ಹೀಗೆ ಗುಡ್ಡೆ ಹಾಕಿ ಒಳಗೆ ಕೈ ಸುಡುವಷ್ಟು ಕಾವು ಬಂದು ಆರಿದ ಮೇಲೆಯೇ ಕೊಡುತ್ತಿದ್ದೆವು. ಆ ಕಾವಿಗೆ ಜಾಲಿ ಬೀಜವೂ ಬೇಯುತ್ತದೆ. ಸಿದ್ದೇಗೌಡರು ಕೊನೆಯವರೆಗೂ ಗಾಡಿ ತರುತ್ತಿದ್ದರು. ಆದರೆ ಪ್ರತಿ ಸಲವೂ ಒಂದು ಹಿಡಿ ಉಜ್ಜಿ ನೋಡದೆ ತುಂಬಿಸಿಕೊಳ್ಳಲಿಲ್ಲ.

ಇನ್ನು ಸಾಹೇಬರುಗಳು. ಒಬ್ಬರಿಗೆ ಬೋರ್ಡಿನ ಮೇಲೆ ಪ್ರೀತಿ. ಗುಂಡಿಯ ಚಪ್ಪಡಿ ಒಡೆದಿದೆ ಸಾರ್ ಎಂದು ಹೇಳಿಸಿದರೆ, 'ಎಚ್ಚರಿಕೆ, ಚಪ್ಪಡಿ ಒಡೆದಿದೆ' ಎಂದು ಬೋರ್ಡು ಬರೆಸಿ ಕಳಿಸಿದರು. ಇನ್ನೊಬ್ಬರು ತೋಟಗಾರಿಕೆ ಓದಿದವರು. ಜಲ್ಲಿ ಮಡಿಯಲ್ಲಿದ್ದ ಜೊಂಡನ್ನು ಕಳೆ ಎಂದು ಕೀಳಿಸಿ ಕ್ರೋಟನ್ ಗಿಡ ನೆಡಿಸಿದರು. ಜೊಂಡಿನ ಬೇರಿದ್ದಾಗ ಇಂಗುತ್ತಿದ್ದ ನೀರು ನಿಂತುಕೊಂಡಿತು, ಕ್ರೋಟನ್ ಕೊಳೆಯಿತು, ಸೊಳ್ಳೆ ಹುಟ್ಟಿತು. ಅವರು ಹೋದ ಮೇಲೆ ನಾನು ಹಳ್ಳದಿಂದ ಜೊಂಡು ಕಿತ್ತು ತಂದು ಮತ್ತೆ ನಾಟಿ ಮಾಡಿದೆ. ಮೂರನೆಯವರು ನೀರಿಗೆ ಗಾಳಿ ಊದುವ ಮೋಟಾರು ತರಿಸಿದರು. ಮಾಲೆ ಹಾಕಿ ಸ್ವಿಚ್ಚು ಒತ್ತಿದ ದಿನ ಊದಿತು. ಆಮೇಲೆ ಕರೆಂಟು ಇದ್ದಾಗ ಆಪರೇಟರು ಇಲ್ಲ, ಆಪರೇಟರು ಇದ್ದಾಗ ಕರೆಂಟು ಇಲ್ಲ. ಕೊನೆಗೆ ಅದರ ಡಬ್ಬದಲ್ಲಿ ಗುಬ್ಬಿ ಮರಿ ಮಾಡಿತ್ತು. ಪೊರಕೆ ಕೊಡಿಸಿ ಎಂದರೆ ಒಬ್ಬರೂ ಕೊಡಿಸಲಿಲ್ಲ. ತೆಂಗಿನ ಗರಿ ಸಿಗಿದು ಪೊರಕೆ ನಾನೇ ಕಟ್ಟಿಕೊಳ್ಳುತ್ತಿದ್ದೆ.

ಇದನ್ನೆಲ್ಲ ಸಹಿಸಬಹುದಿತ್ತು. ಫಿನಾಯಿಲಿನ ಕತೆ ಬೇರೆ.

ಬೆಂಗಳೂರಿನಿಂದ ತಪಾಸಣೆಗೆ ಬರುತ್ತಾರೆ ಎಂದು ಸುದ್ದಿ ಬಂತು. ಆಗ ನಮಗೆ ಇದ್ದ ಹೆಲ್ತ್ ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಆದರೆ ತಪಾಸಣೆ ಎಂದರೆ ನಡುಗುತ್ತಿದ್ದರು. ಹಿಂದಿನ ದಿನ ಜೀಪಿನಲ್ಲಿ ಫಿನಾಯಿಲಿನ ದೊಡ್ಡ ಡಬ್ಬಗಳನ್ನೂ ಬ್ಲೀಚಿಂಗ್ ಪೌಡರಿನ ಚೀಲವನ್ನೂ ತಂದಿಳಿಸಿದರು.

"ವಾಸನೆ ಒಂದು ಚೂರೂ ಇರಬಾರದು. ನೆಲಕ್ಕೆ ಹಾಕಿ, ಕಾಲುವೆಗೆ ಹಾಕಿ, ಮಿಕ್ಕಿದ್ದೆಲ್ಲ ಗುಂಡಿಗೆ ಸುರೀರಿ."

ಗಫಾರ್ ಸಾಬರು ಚೂರಿ ಮಸೆಯುತ್ತಿದ್ದವರು ಎದ್ದು ಬಂದರು. "ಸಾರ್, ಗುಂಡಿಗೆ ಬ್ಯಾಡಿ. ಸತ್ತೋಯ್ತದೆ."

"ಏನು ಸತ್ತೋಗೋದು?"

"ಗುಂಡಿ ಸಾರ್."

"ಗುಂಡಿ ಏನು ಕುರಿ ಏನ್ರೀ, ಸಾಯೋಕೆ? ಕೀಟಾಣು ಸಾಯ್ಲಿ ಅಂತ ತಾನೇ ಫಿನಾಯಿಲ್ ಇರೋದು. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ." ಆಮೇಲೆ ನನ್ನ ಕಡೆ ತಿರುಗಿ, "ಏನಮ್ಮಾ, ನಿನಗೂ ಏನಾದ್ರೂ ಹೇಳೋದಿದೆಯಾ?" ಎಂದರು.

ಇತ್ತು. ಕೆನೆಯ ವಿಷಯ, ವಾಸನೆಯ ವಿಷಯ, ಕೆಳಗಿನ ಬಾವಿಯ ವಿಷಯ, ಎಲ್ಲ ನಾಲಿಗೆಯ ಮೇಲಿತ್ತು. "ಇಲ್ಲ ಸಾರ್" ಎಂದೆ. ಡಬ್ಬದ ಮುಚ್ಚಳ ತೆಗೆದು ಒಂದೊಂದಾಗಿ ನಾನೇ ಸುರಿದೆ. ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಗಫಾರ್ ಸಾಬರು ನೋಡುತ್ತಾ ನಿಂತಿದ್ದರು, ಆಮೇಲೆ ಒಳಗೆ ಹೋದರು.

ತಪಾಸಣೆಯವರು ಬಂದರು, ಮೂಗೆಳೆದರು, ಆಸ್ಪತ್ರೆ ಇದ್ದ ಹಾಗಿದೆ ಎಂದರು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಬಂದ ಮಾತಾಡಿದರು, ಹೊರಟುಹೋದರು. ಇನ್ಸ್‌ಪೆಕ್ಟರಿಗೆ ಮೆಚ್ಚುಗೆ ಬಂತು.

ಹತ್ತು ದಿನಕ್ಕೆ ಕೆನೆ ಒಡೆಯಿತು. ಹದಿನೈದು ದಿನಕ್ಕೆ ಕೊಳೆತ ಮೊಟ್ಟೆ ವಾಸನೆ. ಗುಂಡಿಗೆ ಹೋದ ರಕ್ತದ ನೀರು ಹೋದ ಹಾಗೆಯೇ ಈಚೆ ಬರುತ್ತಿತ್ತು. ಜಲ್ಲಿ ಮಡಿ ಅಂಟಾಗಿ ಕಟ್ಟಿಕೊಂಡು, ನೀರು ಪಕ್ಕದ ಬಿರುಕಿನಲ್ಲಿ ಇಳಿಯತೊಡಗಿತು. ಎಲ್ಲಿಗೆ ಇಳಿಯುತ್ತದೆಂದು ನನಗೆ ಅನುಮಾನವಿತ್ತು. ಇನ್ಸ್‌ಪೆಕ್ಟರಿಗೆ ಹೇಳಿದೆ. "ಇನ್ನೂ ಒಂದು ಡಬ್ಬ ಹಾಕು" ಎಂದರು. ಹಾಕಲಿಲ್ಲ. ಹಾಕಿದೆ ಎಂದು ಸುಳ್ಳು ಹೇಳಿದೆ.

ಬಾವಿಯ ಬೀದಿಯಲ್ಲಿ ಜೈಬುನ್ ಎಂಬ ನನ್ನ ಗೆಳತಿ ಇದ್ದಳು. ಗಂಡ ಸಂತೆ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ. ಮನೆ ಹಿಂದಿನ ಶೆಡ್ಡಿನಲ್ಲಿ ನೂಲು ಬಿಚ್ಚುವ ನಾಲ್ಕು ಬೇಸಿನ್ನು ನಡೆಸುವವಳು ಅವಳೇ. ರಾಮನಗರದ ಮಾರುಕಟ್ಟೆಯಿಂದ ಗೂಡು ತಂದು, ಬೇಸಿನ್ನಿನ ಬಿಸಿನೀರಿನಲ್ಲಿ ಬೇಯಿಸಿ, ಎಳೆ ಹಿಡಿದು, ಚರಕಕ್ಕೆ ಏರಿಸುತ್ತಿದ್ದಳು. ಅವಳ ನೂಲಿಗೆ ಹೆಸರಿತ್ತು. ನಾನು ಕೆಲಸ ಮುಗಿಸಿ ಹೋಗುವಾಗ ಅವಳ ಹಿತ್ತಲಿನಲ್ಲಿ ಕಾಲು ತೊಳೆದುಕೊಂಡು ಒಂದು ಲೋಟ ಚಹ ಕುಡಿದೇ ಮನೆಗೆ ಹೋಗುವುದು. ನನ್ನ ಮೈ ವಾಸನೆಗೆ ಮೂಗು ಮುಚ್ಚದ ಒಬ್ಬಳೇ ಹೆಂಗಸು. "ನಮ್ ಬೇಯಿಸಿದ ಹುಳದ ವಾಸ್ನೆ ಮುಂದೆ ನಿನ್ದು ಯಾವ ಲೆಕ್ಕ" ಎನ್ನುತ್ತಿದ್ದಳು.

ಒಂದು ದಿನ ಚಹ ಕೊಡುತ್ತಾ, "ಎಳೆ ನಿಲ್ತಾ ಇಲ್ಲ ಕಣೆ. ಪಟಪಟಾಂತ ಕಿತ್ಕೊಂತದೆ. ಬೇಸಿನ್ ತುಂಬ ನೊರೆ. ನೂಲಿಗೆ ಹೊಳಪಿಲ್ಲ" ಎಂದಳು. ಅವಳೊಬ್ಬಳದಲ್ಲ, ಬೀದಿಯ ಎಲ್ಲರ ಗೋಳೂ ಅದೇ. ಬಾವಿ ನೀರು ವಾಸನೆ ಎಂದು ಎಲ್ಲರೂ ಸೇರಿ ಅರ್ಜಿ ಕೊಟ್ಟರು.

ಅರ್ಜಿಗೆ ಬಂದ ಉತ್ತರ ಕೇಳಿ. ನೂಲು ಬಿಚ್ಚುವವರು ಹುಳ ಬೇಯಿಸಿದ ನೀರನ್ನು ಚರಂಡಿಗೆ ಬಿಡುವುದರಿಂದ ಅವರ ಬಾವಿಯನ್ನು ಅವರೇ ಕೆಡಿಸಿಕೊಂಡಿದ್ದಾರೆ. ತಿಂಗಳೊಳಗೆ ಶೆಡ್ಡುಗಳನ್ನು ಮುಚ್ಚಬೇಕು. ಗುಂಡಿಯ ಹತ್ತಿರ ಒಬ್ಬರೂ ಬಂದು ಬಗ್ಗಿ ನೋಡಲಿಲ್ಲ. ತಪಾಸಣೆಯಲ್ಲಿ ಪಾಸಾದ ಗುಂಡಿಯಲ್ಲವೇ! ಆ ನೋಟೀಸನ್ನು ಜೈಬುನ್ ನನ್ನ ಕೈಗೇ ಕೊಟ್ಟು ಓದಿಸಿದಳು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಓದಿದೆ. ಫಿನಾಯಿಲಿನ ಮಾತು ಎತ್ತಲಿಲ್ಲ. ಅವಳಲ್ಲಿ ಚಹ ಕುಡಿದ ದಿನಗಳಲ್ಲಿ ಆ ದಿನದ್ದೊಂದೇ ನನಗೆ ಇಳಿಯದೆ ಉಳಿದದ್ದು.

ನನಗೆ ಸಾಕ್ಷಿ ಬೇಕಿತ್ತು. ನನ್ನ ಬಾಯಿಮಾತಿಗೆ ಬೆಲೆಯಿಲ್ಲ ಎಂದು ಗೊತ್ತಿತ್ತು. ನನ್ನ ತಮ್ಮ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಕೆಲಸದಲ್ಲಿದ್ದ. ಅವನ ಹತ್ತಿರ ಹೋಗಿ, ಅರಗಿಗೆ ಬೆರೆಸುವ ಬಣ್ಣದಲ್ಲಿ ನೀರಿಗೆ ಕರಗುವುದು ಯಾವುದಾದರೂ ಇದೆಯೇ ಎಂದು ಕೇಳಿದೆ.

"ಐತೆ. ಯಾವ ಬಣ್ಣ ಬೇಕಕ್ಕ?"

"ಕೆಂಪೊಂದು ಬುಟ್ಟು ಯಾವ್ದಾರ ಕೊಡು. ಕಸಾಯಿಖಾನೆ ನೀರಿಗೆ ಕೆಂಪು ಹಾಕಿದ್ರೆ ಯಾರಿಗ್ ಗೊತ್ತಾಯ್ತದೆ."

ಅವನು ನಕ್ಕು ನೀಲಿ ಪುಡಿ ಕಟ್ಟಿಕೊಟ್ಟ. "ಒಂದು ಚಿಟಿಕೆ ಸಾಕು, ಕೆರೆಗೆ ಕೆರೇನೇ ಬಣ್ಣ ಬತ್ತದೆ" ಎಂದ. ನಾನು ಚಿಟಿಕೆ ಎಂಬ ಮಾತನ್ನು ನಂಬಲಿಲ್ಲ. ಸೋಮವಾರ ಕಡಿತ ಕಡಿಮೆ. ಗುಂಡಿಯಿಂದ ನೀರು ಈಚೆ ಬರುವ ಕಡೆ ಪೊಟ್ಟಣ ಪೂರ್ತಿ ಸುರಿದೆ. ಬಾವಿಯಿಂದ ದಿನಕ್ಕೊಂದು ಬಕೆಟ್ಟು ಸೇದಿ ನೋಡುವುದು, ನೀಲಿ ಕಂಡ ದಿನ ಬಕೆಟ್ಟು ಹೊತ್ತುಕೊಂಡು ಆಫೀಸಿಗೆ ಹೋಗುವುದು, ಇದು ನನ್ನ ಲೆಕ್ಕ. ಜೈಬುನ್‌ಗೆ ಹೇಳಲಿಲ್ಲ. ಖಾತ್ರಿಯಾದ ಮೇಲೆ ಹೇಳೋಣ, ಸುಮ್ಮನೆ ಯಾಕೆ ಗಾಬರಿ ಎಂದುಕೊಂಡೆ.

ಮಂಗಳವಾರ ನೋಡಿದೆ, ಇಲ್ಲ. ಬುಧವಾರ ಬಕೆಟ್ಟಿನ ತಳದಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು. ನನ್ನ ಕಣ್ಣಿನ ಭ್ರಮೆ ಎಂದು ಇನ್ನೊಂದು ದಿನ ಕಾದೆ. ಗುರುವಾರ ಮಧ್ಯಾಹ್ನ ಜೈಬುನ್ ತಲೆಯ ಮೇಲಿನ ಸೆರಗು ಜಾರಿದ್ದೂ ನೋಡದೆ ಕಸಾಯಿಖಾನೆ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ನೂಲಿನ ಲಡಿ. ಹಸಿರು. ಗಿಣಿ ರೆಕ್ಕೆಯಂಥ ಹಸಿರು.

"ನೋಡೇ. ನಾಲ್ಕು ಬೇಸಿನ್ನಿನ ನೂಲೂ ಹಿಂಗೇ ಆಗೈತೆ. ಬೆಳಗ್ಗೆ ಕತ್ಲಲ್ಲಿ ಏರ್ಸಿದ್ದು, ಈಚೆ ತಂದು ನೋಡಿದ್ರೆ ಹಿಂಗೆ. ಯಾರೋ ಮಾಟ ಮಾಡ್ಸವ್ರೆ ಅಂತವ್ರೆ ಬೀದಿಯವ್ರು."

ರೇಷ್ಮೆ ಬಣ್ಣ ಕುಡಿಯುತ್ತದೆ. ಬಿಸಿನೀರಿನಲ್ಲಂತೂ ನೀರಿನಲ್ಲಿರುವ ಬಣ್ಣವನ್ನೆಲ್ಲ ಹುಡುಕಿ ಹುಡುಕಿ ಕುಡಿಯುತ್ತದೆ. ರೇಷ್ಮೆ ಸೀಮೆಯಲ್ಲಿ ಹುಟ್ಟಿ, ಹುಳು ಸಾಕಿದ ಮನೆಗೆ ಸೊಸೆಯಾಗಿ ಬಂದ ನನಗೆ ಇದು ಹೊಳೆಯಲಿಲ್ಲ. ಬಕೆಟ್ಟು ನೋಡುತ್ತಾ ಕೂತಿದ್ದೆ. ನನ್ನ ಗೆಳತಿಯ ಅವತ್ತಿನ ದುಡಿಮೆಯೆಲ್ಲ ನನ್ನ ಕೈಯಿಂದಲೇ ಕೆಟ್ಟಿತ್ತು.

"ಮಾಟ ಅಲ್ಲ ಜೈಬುನ್, ನಾನು" ಎಂದೆ. ಎಲ್ಲ ಹೇಳಿದೆ, ಫಿನಾಯಿಲಿನಿಂದ ಹಿಡಿದು. ಅವಳು ಕೇಳಿಸಿಕೊಂಡಳು. ಬೈಯುತ್ತಾಳೆಂದು ಕಾದೆ.

"ನೋಟೀಸು ಓದಿದ ದಿನಾನೇ ನಿನಗೆ ಗೊತ್ತಿತ್ತಾ?" ಎಂದು ಮಾತ್ರ ಕೇಳಿದಳು.

"ಗೊತ್ತಿತ್ತು."

"ನಡಿ, ಆಫೀಸಿಗೆ" ಎಂದಳು. ದಾರಿಯುದ್ದ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಪುರಸಭೆಯ ಮುಖ್ಯಾಧಿಕಾರಿಗಳ ಕೋಣೆಯಲ್ಲಿ ಅವರೂ ಇನ್ಸ್‌ಪೆಕ್ಟರೂ ಕೂತಿದ್ದರು. ಜೈಬುನ್ ಲಡಿಯನ್ನು ಮೇಜಿನ ಮೇಲಿಟ್ಟಳು. ನಾನು ಗೋಡೆ ಹಿಡಿದುಕೊಂಡು, "ಸಾರ್, ಗುಂಡಿಯಿಂದ ಈಚೆ ಬರೋ ನೀರಿಗೆ ನಾನು ನೀಲಿ ಬಣ್ಣ ಹಾಕ್ದೆ. ಅದು ಇವರ ಬಾವೀಲಿ ಬಂದೈತೆ. ಬಾವಿ ಕೆಟ್ಟಿರೋದು ನಮ್ಮ ನೀರಿಂದ" ಎಂದೆ. ನನ್ನ ಸರ್ವಿಸಿನಲ್ಲಿ ಸಾಹೇಬರ ಮುಂದೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಇನ್ಸ್‌ಪೆಕ್ಟರು ಲಡಿಯನ್ನು ಎತ್ತಿ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಒಂದು ಸಮಾಧಾನ ಕಾಣಿಸಿತು.

"ನೀನು ಹಾಕಿದ್ದು ನೀಲಿ ಅಂತೀಯ. ಇದು ಹಸಿರು. ತಾಳೆ ಆಗ್ಲಿಲ್ವಲ್ಲಮ್ಮ."

ಮುಖ್ಯಾಧಿಕಾರಿಗಳೂ ತಲೆ ಆಡಿಸಿದರು. "ಹೌದಲ್ಲ, ಇದು ಬೇರೆ ಬಣ್ಣ."

ಜೈಬುನ್ ಮುಂದೆ ಬಂದಳು. ಮಡಿಲಿನಿಂದ ಒಂದು ಗೂಡು ತೆಗೆದು ಮೇಜಿನ ಮೇಲೆ ಉರುಳಿಸಿದಳು.

"ಸಾರ್, ಈ ಗೂಡು ಏನು ಬಣ್ಣ?"

"ಹಳದಿ."

"ಹಳ್ದಿ ನೂಲಿಗೆ ನೀಲಿ ಬಿದ್ರೆ ಏನು ಬಣ್ಣ ಬತ್ತದೆ ಸಾರ್? ನಾನು ಇಸ್ಕೂಲಿಗೆ ಹೋದೋಳಲ್ಲ, ನೀವೇ ಹೇಳಿ."

ಹೊರಗೆ ನಿಂತಿದ್ದ ಗುಮಾಸ್ತರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಮುಖ್ಯಾಧಿಕಾರಿಗಳು ಗೂಡನ್ನೊಮ್ಮೆ ಲಡಿಯನ್ನೊಮ್ಮೆ ನೋಡಿ, ಕೊನೆಗೆ ಇನ್ಸ್‌ಪೆಕ್ಟರನ್ನು ನೋಡಿದರು. "ಗುಂಡಿಗೆ ಏನಾಗಿದೆ?" ಎಂದರು. "ಫಿನಾಯಿಲು ನೆಲಕ್ಕೆ ಹಾಕು ಎಂದಿದ್ದೆ, ಈಕೆ ಗುಂಡಿಗೆ ಸುರಿದಿದ್ದಾಳೆ" ಎಂದರು ಇನ್ಸ್‌ಪೆಕ್ಟರು. ಅವರು ಹೇಳಿದ್ದಕ್ಕೆ ಕಾಗದ ಇರಲಿಲ್ಲ. ಡಬ್ಬ ಪಡೆದದ್ದಕ್ಕೆ ಮಾತ್ರ ನನ್ನ ಸಹಿ ಇತ್ತು.

ನನಗೆ ಮೆಮೊ ಬಂತು. ಲಿಖಿತ ಹೇಳಿಕೆ ಕೊಡು ಎಂದರು. ಅದು ನನಗೆ ಅನುಕೂಲವೇ ಆಯಿತು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. "ಫಿನಾಯಿಲು ಸುರಿದವಳು ನಾನು. ಸುರಿ ಎಂದವರು ಇನ್ಸ್‌ಪೆಕ್ಟರು. ಬೇಡ ಎಂದವರು ಗಫಾರ್ ಸಾಬರು. ಬೇಡವೆಂದು ನನಗೂ ಗೊತ್ತಿತ್ತು, ಹೇಳಲಿಲ್ಲ. ಗುಂಡಿ ಸತ್ತಿದೆ. ಬಾವಿ ಅದರಿಂದ ಕೆಟ್ಟಿದೆ. ನೂಲಿನವರ ತಪ್ಪಿಲ್ಲ" ಎಂದು ಬರೆದುಕೊಟ್ಟೆ. ನನಗೊಂದು ಎಚ್ಚರಿಕೆ ಪತ್ರ ಕೊಟ್ಟರು. ಇನ್ಸ್‌ಪೆಕ್ಟರಿಗೆ ಏನೂ ಆಗಲಿಲ್ಲ. ಆದರೆ ಶೆಡ್ಡು ಮುಚ್ಚುವ ನೋಟೀಸನ್ನು, ಬಾವಿ ಶುದ್ಧ ಮಾಡಿ ನೋಡುವವರೆಗೆ ತಡೆಹಿಡಿದರು. ಆಗಲೂ ನೀರು ಸರಿಹೋಗದಿದ್ದರೆ ಶೆಡ್ಡು ಮುಚ್ಚಲೇಬೇಕು ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು. ಹಸಿರು ಲಡಿಯನ್ನು ಫೈಲಿಗೆ ಕಟ್ಟಿಕೊಂಡರು. ವಾಪಸ್ಸು ಕೊಡಿ ಎಂದು ಜೈಬುನ್ ಮೂರು ಸಲ ಹೋದಳು. ಅದು ದಾಖಲೆ, ಕೊಡಲಾಗದು ಎಂದರಂತೆ.

ಗುಂಡಿ ಖಾಲಿ ಮಾಡಿಸಿ, ಜಲ್ಲಿಯನ್ನು ಎತ್ತಿ ತೊಳೆದು ಮತ್ತೆ ಹಾಸಿದೆವು. ಬಿರುಕಿಗೆ ಜೇಡಿಮಣ್ಣು ತುಳಿದು ತುಂಬಿದೆವು. ಗಫಾರ್ ಸಾಬರು ತಮ್ಮ ಮನೆಯ ಹಳೆಯ ಗುಂಡಿಯಿಂದ ಎರಡು ಬಿಂದಿಗೆ ಕಪ್ಪು ರಾಡಿ ತಂದು, ಹಸುವಿನ ಸಗಣಿ ಕದಡಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಗುಂಡಿಗೆ ಬಿಟ್ಟರು. ಸುರಿಯುವಾಗ, "ಅವತ್ತು ನೀವೊಂದು ಮಾತು ಅಂದಿದ್ರೆ ನಾವಿಬ್ರು ಆಯ್ತಿದ್ವಿ ಅಕ್ಕ. ಒಬ್ಬನ ಮಾತ್ನ ಯಾರು ಕೇಳ್ತಾರೆ" ಎಂದರು. ಕೆನೆ ಕಟ್ಟುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ದಿನಾ ಚಪ್ಪಡಿ ಸರಿಸಿ, ಸೆರಗು ತೆಗೆದು ವಾಸನೆ ನೋಡುತ್ತಿದ್ದೆ.

ಬಾವಿಯನ್ನು ಎಂಜಿನ್ನಿಟ್ಟು ಮೂರು ಸಲ ಬರಿದು ಮಾಡಿದರು. ಇನ್ಸ್‌ಪೆಕ್ಟರು ಬ್ಲೀಚಿಂಗ್ ಪೌಡರು ಕಳಿಸಿದ್ದರು. ಬೀದಿಯ ಹೆಂಗಸರು ಚೀಲವನ್ನು ಬಾವಿಯ ಹತ್ತಿರಕ್ಕೂ ಬಿಡಲಿಲ್ಲ. ಅಷ್ಟು ದಿನವೂ ಬೇಸಿನ್ನುಗಳು ತಣ್ಣಗಿದ್ದವು. ಜೈಬುನ್ ಸಿಮೆಂಟು ಹೊರುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಅವಳ ಹಿತ್ತಲ ದಾರಿ ಬಿಟ್ಟು ಸುತ್ತಿಕೊಂಡು ಮನೆಗೆ ಹೋಗುತ್ತಿದ್ದೆ.

ನೀರನ್ನು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದರು. ಸರಿಯಿದೆ ಎಂದು ಕಾಗದ ಬಂತು. ಓದಿ ಹೇಳಲು ಮುಖ್ಯಾಧಿಕಾರಿಗಳು ನನ್ನನ್ನೇ ಕಳಿಸಿದರು. ಜೈಬುನ್ ಒಲೆಗೆ ಸೌದೆ ಒಟ್ಟುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಓದಿದೆ.

"ತಪಾಸ್ಣೇಲಿ ನಿಮ್ಮ ಗುಂಡೀನೂ ಸರಿಯಾಗೈತೆ ಅಂತ ಕಾಗ್ದ ಬಂದಿತ್ತಲ್ಲ" ಎಂದಳು. ಕಾಗದದ ಕಡೆ ನೋಡಲೂ ಇಲ್ಲ. ಬಾವಿಯಿಂದ ತಾನೇ ನೀರು ಸೇದಿ ತಂದು ಬೇಸಿನ್ನಿಗೆ ಹುಯ್ದಳು. ಕುದಿ ಬಂದ ಮೇಲೆ ಎರಡು ಹಿಡಿ ಗೂಡು ಹಾಕಿ, ಕಡ್ಡಿ ಪೊರಕೆಯಿಂದ ತಟ್ಟಿ ತಟ್ಟಿ ಎಳೆಗಳನ್ನು ಹಿಡಿದಳು. ಆಮೇಲೆ ಚರಕದ ಹಿಡಿಯನ್ನು ತೋರಿಸಿದಳು.

"ಬಾ, ನೀನೇ ತಿರುಗ್ಸು. ಕೆಟ್ರೆ ನಿನ್ನ ಕೈಯಲ್ಲೇ ಕೆಡ್ಲಿ."

ತಿರುಗಿಸಿದೆ. ಎಳೆ ಎದ್ದು ಬಂತು. ಒಂದು ಸುತ್ತು, ಹತ್ತು ಸುತ್ತು, ನೂರು ಸುತ್ತು. ಕಿತ್ತುಕೊಳ್ಳಲಿಲ್ಲ. ಚರಕದ ಮೇಲೆ ಹಳದಿ ಕಟ್ಟತೊಡಗಿತು, ಬರೀ ಹಳದಿ. ಜೈಬುನ್ ನೂಲನ್ನು ನೋಡಲಿಲ್ಲ, ನೀರಿನ ಕಡೆ ಬಗ್ಗಿ ಮೂಗೆಳೆದಳು. ಅಂಚಿನಲ್ಲಿದ್ದ ಚೂರು ನೊರೆಯನ್ನು ಬೆರಳಲ್ಲಿ ಸರಿಸಿದಳು.

ಹಾಕಿದ ಗೂಡು ಮುಗಿಯಿತು. ಹೊರಡೋಣವೆಂದು ನಾನು ಹಿಡಿ ಬಿಟ್ಟೆ.

"ಯಾರ್ ಹೇಳಿದ್ರು ನಿಲ್ಸು ಅಂತ? ಇನ್ನೂ ಒಂದು ಬುಟ್ಟಿ ಗೂಡೈತೆ" ಎಂದಳು.

ಬುಟ್ಟಿ ಮುಗಿಯುವವರೆಗೂ ತಿರುಗಿಸಿದೆ. ತೋಳು ಬಿದ್ದುಹೋಯಿತು. ಕೊನೆಯಲ್ಲಿ ಚಹದ ಲೋಟ ತಂದು ಪಕ್ಕದಲ್ಲಿಟ್ಟಳು. ನಾನು ಕಸಾಯಿಖಾನೆಗೆ ವಾಪಸ್ಸು ಹೋದಾಗ ಇನ್ಸ್‌ಪೆಕ್ಟರು ಹಾಜರಿ ಪುಸ್ತಕ ಹಿಡಿದು ಕಾಯುತ್ತಿದ್ದರು. ಎಲ್ಲಿಗೆ ಹೋಗಿದ್ದೆ ಎಂದರು. ನೀರು ನೋಡಲು ಎಂದೆ. ಅದಕ್ಕೆ ಪರೀಕ್ಷೆಯ ಕಾಗದ ಬಂದಿದೆಯಲ್ಲ ಎಂದು ಹೇಳಿ, ಅರ್ಧ ದಿನ ಗೈರುಹಾಜರಿ ಬರೆದರು. ಬರೆದುಕೊಳ್ಳಲಿ ಎಂದು ನಾನು ಗುಂಡಿಯ ಕಡೆ ಹೋದೆ.